ಕ್ರಿಸ್ಪರ್ ಚಿಕಿತ್ಸೆ: ಕುಡುಗೋಲು ಕಣ ರೋಗಕ್ಕೆ ಮದ್ದು ದೊರೆತಿದೆ, ಕಾಡಂಚಿಗೆ ತಲುಪುವುದೆಂದು?

2023ರ ನವೆಂಬರ್ 16ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಕ್ಯಾಸ್ಜೆವಿ ಎಂಬ ಹೊಸ ಚಿಕಿತ್ಸೆಗೆ ಅನುಮತಿ ನೀಡಿತು. ಕ್ರಿಸ್ಪರ್ ಎಂಬ ತಂತ್ರದ ಮೂಲಕ ರೋಗಿಯ ಜೀವಕೋಶಗಳ ಡಿಎನ್‌ಎಯನ್ನು ಗುರಿಯಿಟ್ಟು ಕತ್ತರಿಸುವ ಚಿಕಿತ್ಸೆಯೊಂದು ಪ್ರಯೋಗಾಲಯದ ಹೊಸ್ತಿಲು ದಾಟಿ ಔಷಧವೆಂಬ ಮಾನ್ಯತೆ ಪಡೆದದ್ದು ಜಗತ್ತಿನಲ್ಲಿ ಅದೇ ಮೊದಲು. ಮೂರು ವಾರಗಳ ನಂತರ, ಡಿಸೆಂಬರ್ 8ರಂದು, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು.

ಈ ಚಿಕಿತ್ಸೆಯ ಮುಖ್ಯ ಗುರಿಗಳಲ್ಲೊಂದು ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ. ನಗರವಾಸಿಗಳಾದ ನಮಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಎಚ್.ಡಿ. ಕೋಟೆ, ಹುಣಸೂರು ಹಾಗೂ ಕೊಡಗಿನ ಜೇನುಕುರುಬರ ಹಾಡಿಗಳಲ್ಲಿ ಈ ರೋಗವನ್ನು ಹೊತ್ತು ಹುಟ್ಟುವ ಮಕ್ಕಳಿದ್ದಾರೆ. ಹೆಸರೇ ತಿಳಿಯದ ಮೈಕೈ ನೋವು, ಪದೇ ಪದೇ ಬರುವ ಜ್ವರ, ಬಿಳಿಚಿಕೊಂಡ ಮೈ, ಹಳದಿಗಟ್ಟಿದ ಕಣ್ಣು: ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂಬುದು ಗೊತ್ತಾಗುವಷ್ಟರಲ್ಲಿ ಎಷ್ಟೋ ಮಕ್ಕಳ ಬಾಲ್ಯ ಕಳೆದುಹೋಗಿರುತ್ತದೆ.

ಒಂದೆಡೆ ಕೋಟಿಗಟ್ಟಲೆ ಬೆಲೆಯ ಅತ್ಯಾಧುನಿಕ ಚಿಕಿತ್ಸೆ, ಇನ್ನೊಂದೆಡೆ ರೋಗದ ಹೆಸರನ್ನೇ ಕೇಳದ ರೋಗಿ. ಈ ಎರಡು ತುದಿಗಳ ನಡುವಿನ ದಾರಿ ಎಷ್ಟು ದೂರದ್ದು, ಅದನ್ನು ಕ್ರಮಿಸಲು ಏನೇನು ಬೇಕು ಎಂಬುದನ್ನು ತಿಳಿಯಬೇಕಾದರೆ ಮೊದಲು ರೋಗದ ಸ್ವರೂಪವನ್ನು ಅರಿಯಬೇಕು.

ಒಂದಕ್ಷರದ ವ್ಯತ್ಯಾಸ

1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿಚಿತ್ರ ಪ್ರಕರಣವೊಂದನ್ನು ವರದಿ ಮಾಡಿದರು. ಕೆರಿಬಿಯನ್ ದ್ವೀಪವಾದ ಗ್ರೆನಡಾದಿಂದ ದಂತವೈದ್ಯಕೀಯ ಓದಲು ಬಂದಿದ್ದ ಯುವಕನೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲವು ಕೆಂಪು ಕಣಗಳು ದುಂಡಗಿರದೆ ಉದ್ದಕ್ಕೆ ಬಾಗಿ, ಕುಡುಗೋಲಿನ ಆಕಾರ ತಳೆದಿದ್ದವು. ರೋಗಕ್ಕೆ ಈ ಹೆಸರು ಬರಲು ಇದೇ ಕಾರಣ.

ಇದರ ಮೂಲ ಎಲ್ಲಿದೆ ಎಂಬುದು ತಿಳಿಯಲು ಇನ್ನೂ ನಾಲ್ಕು ದಶಕಗಳೇ ಬೇಕಾದವು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್‌ನ ವಿದ್ಯುದಂಶವೇ ಆರೋಗ್ಯವಂತರದಕ್ಕಿಂತ ಬೇರೆ ಎಂದು ತೋರಿಸಿ, ಇದನ್ನು ‘ಅಣುವಿನ ರೋಗ’ ಎಂದು ಕರೆದರು. ಒಂದು ಕಾಯಿಲೆಯ ಕಾರಣವನ್ನು ಒಂದು ಅಣುವಿನ ಮಟ್ಟದಲ್ಲಿ ಗುರುತಿಸಿದ್ದು ವೈದ್ಯಕೀಯ ಇತಿಹಾಸದಲ್ಲಿ ಅದೇ ಮೊದಲು. 1950ರ ದಶಕದ ಮಧ್ಯಭಾಗದಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ದೋಷವಿರುವ ಜಾಗವನ್ನು ಖಚಿತವಾಗಿ ಹಿಡಿದರು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯ ಸ್ಥಾನದಲ್ಲಿ ಇರಬೇಕಾದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಎಂಬುದು ಬಂದು ಕುಳಿತಿರುತ್ತದೆ. ಡಿಎನ್‌ಎಯ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 300 ಕೋಟಿ ಅಕ್ಷರಗಳ ಮಾನವ ವಂಶಗ್ರಂಥದಲ್ಲಿ ‘ಎ’ ಇರಬೇಕಾದ ಒಂದೆಡೆ ‘ಟಿ’ ಇದೆ. ವ್ಯತ್ಯಾಸ ಅಷ್ಟೇ.

ಆದರೆ ಪರಿಣಾಮ ಘೋರವಾದುದು. ಗ್ಲುಟಾಮಿಕ್ ಆಮ್ಲ ನೀರಿನೊಡನೆ ಬೆರೆಯುವ ಗುಣದ್ದು. ವ್ಯಾಲಿನ್ ನೀರಿನಿಂದ ದೂರ ಸರಿಯುವಂಥದ್ದು. ರಕ್ತಕಣವು ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಟ್ಟ ಗಳಿಗೆಯಲ್ಲಿ ಈ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ ಅಣುವಿಗೆ ಅಂಟಿಕೊಳ್ಳುತ್ತದೆ. ಅದು ಮತ್ತೊಂದಕ್ಕೆ, ಮತ್ತೊಂದು ಇನ್ನೊಂದಕ್ಕೆ. ಹೀಗೆ ಅಣುಗಳು ಸಾಲುಗಟ್ಟಿ ಗಟ್ಟಿಯಾದ ಎಳೆಗಳಾಗಿ ರಕ್ತಕಣವನ್ನು ಒಳಗಿನಿಂದಲೇ ಜಗ್ಗಿ ಬಾಗಿಸುತ್ತವೆ. ಮೃದುವಾಗಿ ಮಡಚಿಕೊಂಡು ಸೂಕ್ಷ್ಮ ರಕ್ತನಾಳಗಳಲ್ಲಿ ನುಸುಳಬೇಕಾದ ಕಣ ಈಗ ಬಿರುಸಾಗಿ, ಅಂಟಂಟಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಬಂದ ಕಣಗಳೂ ಅಲ್ಲೇ ನಿಲ್ಲುತ್ತವೆ. ಆ ಭಾಗಕ್ಕೆ ರಕ್ತವೇ ಹರಿಯದೆ ಅಸಹನೀಯ ನೋವು ಆರಂಭವಾಗುತ್ತದೆ.

ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬಾಳಿದರೆ, ಕುಡುಗೋಲು ಕಣ 10ರಿಂದ 20 ದಿನಗಳಲ್ಲೇ ಒಡೆದುಹೋಗುತ್ತದೆ. ಅಸ್ಥಿಮಜ್ಜೆ ಎಷ್ಟು ದುಡಿದರೂ ಕೊರತೆ ತುಂಬುವುದಿಲ್ಲ. ರಕ್ತಹೀನತೆ ಕಾಯಂ ಆಗುತ್ತದೆ. ರೋಗಾಣುಗಳ ವಿರುದ್ಧ ಕಾವಲಿರುವ ಗುಲ್ಮವು ಬಾಲ್ಯದಲ್ಲೇ ಹಾಳಾಗಿ ಸೋಂಕುಗಳಿಗೆ ಬಾಗಿಲು ತೆರೆಯುತ್ತದೆ. ಮಕ್ಕಳಲ್ಲಿಯೂ ಪಾರ್ಶ್ವವಾಯು ಸಂಭವಿಸಬಹುದು. ಮೂತ್ರಪಿಂಡ, ಶ್ವಾಸಕೋಶ, ಕಣ್ಣು, ಸೊಂಟದ ಕೀಲು, ಯಾವುದೂ ಸುರಕ್ಷಿತವಲ್ಲ.

ಮಲೇರಿಯಾ ಬಿಟ್ಟುಹೋದ ಗುರುತು

ಇಷ್ಟು ಹಾನಿಕರವಾದ ವಂಶವಾಹಿ ತಲೆತಲಾಂತರದಿಂದ ಅಳಿಯದೆ ಉಳಿದದ್ದು ಹೇಗೆ? ಇದಕ್ಕೆ ಉತ್ತರ ನೀಡಿದವರು ಆಂಥನಿ ಆಲಿಸನ್. ಪೂರ್ವ ಆಫ್ರಿಕದಲ್ಲಿ ನಡೆಸಿದ ಅಧ್ಯಯನದ ಆಧಾರದಿಂದ 1954ರಲ್ಲಿ ಅವರು ತೋರಿಸಿದ ಸಂಗತಿ ಇದು: ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದವರಿಗೆ ರೋಗ ಬಾಧಿಸುವುದಿಲ್ಲ; ಬದಲಿಗೆ ಮಾರಕ ಮಲೇರಿಯಾದಿಂದ ಅವರಿಗೆ ಗಣನೀಯ ರಕ್ಷಣೆ ದೊರೆಯುತ್ತದೆ. ಇಂಥವರನ್ನು ವಾಹಕರು ಎನ್ನುತ್ತಾರೆ. ಇಬ್ಬರು ವಾಹಕರು ಮದುವೆಯಾದಾಗ ಮಾತ್ರ ಸಮಸ್ಯೆ ಎದುರಾಗುತ್ತದೆ. ಆಗ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇಕಡ 25, ವಾಹಕವಾಗುವ ಸಾಧ್ಯತೆ ಶೇಕಡ 50, ಎರಡೂ ಇಲ್ಲದಿರುವ ಸಾಧ್ಯತೆ ಶೇಕಡ 25.

ಮಲೇರಿಯಾ ಕಾಡಿದ ನೆಲಗಳಲ್ಲೆಲ್ಲ ಈ ಗುರುತು ಉಳಿದಿದೆ. ಆಫ್ರಿಕ, ಅರೇಬಿಯ, ಮೆಡಿಟರೇನಿಯನ್ ತೀರ ಹಾಗೂ ಭಾರತ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದ ಜಾಗಗಳಲ್ಲೊಂದು ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ನೀಲಗಿರಿ. ಅಲ್ಲಿನ ಬುಡಕಟ್ಟು ಜನರಲ್ಲಿ ಈ ಗುಣವಿರುವುದನ್ನು 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ವರದಿ ಮಾಡಿದರು. ನೀಲಗಿರಿಯ ಕಾಡು ರಾಜ್ಯದ ಗಡಿಯಲ್ಲಿ ಮುಗಿಯುವುದಿಲ್ಲ; ಬಂಡೀಪುರ, ನಾಗರಹೊಳೆ, ಬಿಳಿಗಿರಿಗಳವರೆಗೂ ಅದು ಹಬ್ಬಿದೆ. ಆ ಕಾಡಿನ ಜನರ ರಕ್ತದ ನಂಟೂ ಹಾಗೆಯೇ.

ಮಧ್ಯ ಭಾರತದ ಗೊಂಡರು, ಪಶ್ಚಿಮದ ಭಿಲ್ಲರು ಮುಂತಾದ ಸಮುದಾಯಗಳಲ್ಲಿ ರೋಗದ ಪ್ರಮಾಣ ಹೆಚ್ಚು. ಆದರೆ ಇದು ಆದಿವಾಸಿಗಳಿಗೆ ಮಾತ್ರ ಸೀಮಿತವೆಂದು ಭಾವಿಸುವುದು ತಪ್ಪು. ವಿದರ್ಭ, ಒಡಿಶಾಗಳಲ್ಲಿ ಬುಡಕಟ್ಟಿಗೆ ಸೇರದ ಸಮುದಾಯಗಳಲ್ಲಿಯೂ ಇದು ಸಾಕಷ್ಟಿದೆ.

ಹಸುಗೂಸಿನ ರಕ್ತ ಹೇಳಿದ ಗುಟ್ಟು

ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ಕುತೂಹಲಕರ ಅಂಶವೊಂದಿದೆ. ಅದು ತಪ್ಪಾದ ಅಕ್ಷರವನ್ನು ತಿದ್ದುವುದೇ ಇಲ್ಲ. ಬದಲಿಗೆ ಬೇರೊಂದು ದಾರಿ ಹಿಡಿಯುತ್ತದೆ. ಆ ದಾರಿಯ ಮೊದಲ ಸುಳಿವು ಸಿಕ್ಕಿದ್ದು 1948ರಲ್ಲಿ, ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಅವರಿಗೆ.

ರೋಗವಿರುವ ತಾಯ್ತಂದೆಗಳ ವಂಶವಾಹಿ ಪಡೆದಿದ್ದರೂ ನವಜಾತ ಶಿಶುಗಳ ರಕ್ತದಲ್ಲಿ ಕುಡುಗೋಲು ಕಣಗಳು ಅತಿ ಕಡಿಮೆ ಎಂಬುದನ್ನು ಅವರು ಗಮನಿಸಿದರು. ಕಾರಣ, ಗರ್ಭದಲ್ಲಿರುವ ಶಿಶು ಬಳಸುವ ಹಿಮೋಗ್ಲೋಬಿನ್ನೇ ಬೇರೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅನುಕೂಲವಾಗುವಂತೆ ಅದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಸರಪಳಿ ಇರುವುದರಿಂದ ಆ ಕೆಟ್ಟ ಅಕ್ಷರದ ಹಂಗೇ ಅದಕ್ಕಿಲ್ಲ. ಜನನದ ನಂತರ ದೇಹವು ನಿಧಾನವಾಗಿ ಈ ಭ್ರೂಣ ಹಿಮೋಗ್ಲೋಬಿನ್ ತಯಾರಿಕೆಯನ್ನು ನಿಲ್ಲಿಸಿ ವಯಸ್ಕರ ಹಿಮೋಗ್ಲೋಬಿನ್‌ಗೆ ಬದಲಾಗುತ್ತದೆ. ಸುಮಾರು ಆರು ತಿಂಗಳಾಗುವ ಹೊತ್ತಿಗೆ ರೋಗ ತಲೆ ಎತ್ತುವುದು ಇದರಿಂದಲೇ.

ಅಪರೂಪಕ್ಕೆ ಕೆಲವರಲ್ಲಿ ಭ್ರೂಣ ಹಿಮೋಗ್ಲೋಬಿನ್ ಬದುಕಿಡೀ ಮುಂದುವರಿಯುತ್ತದೆ. ಅಂಥವರಿಗೆ ಕುಡುಗೋಲು ಕಣದ ವಂಶವಾಹಿ ಇದ್ದರೂ ರೋಗದ ಕಾಟ ಬಹಳ ಕಡಿಮೆ. ಹಾಗಾದರೆ ಹುಟ್ಟಿದ ಮೇಲೆ ಮುಚ್ಚಿಹೋಗುವ ಆ ಕಾರ್ಖಾನೆಯನ್ನು ಮತ್ತೆ ತೆರೆಯಲಾಗದೆ? ಅದನ್ನು ಮುಚ್ಚಿಸುವ ಸ್ವಿಚ್ ಯಾವುದು? ಈ ಪ್ರಶ್ನೆಗೆ ಉತ್ತರ ಸಿಗಲು 60 ವರ್ಷ ಹಿಡಿಯಿತು. 2008ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳಾದ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ಬಿಸಿಎಲ್11ಎ ಎಂಬ ವಂಶವಾಹಿಯೇ ಆ ಸ್ವಿಚ್ ಎಂದು ತೋರಿಸಿದರು.

ಆದರೆ ಬಿಸಿಎಲ್11ಎ ದೇಹದ ಇತರ ಕೋಶಗಳಿಗೂ ಬೇಕಾದುದು; ಅದನ್ನು ಪೂರ್ತಿ ಕೆಡಿಸುವಂತಿಲ್ಲ. 2013ರಲ್ಲಿ ಅದೇ ಬಳಗವು ಈ ವಂಶವಾಹಿಯನ್ನು ಕೆಂಪು ಕಣಗಳಲ್ಲಿ ಮಾತ್ರ ಚುರುಕುಗೊಳಿಸುವ ಡಿಎನ್‌ಎಯ ಸಣ್ಣ ತುಣುಕೊಂದನ್ನು ಗುರುತಿಸಿತು. ಆ ತುಣುಕನ್ನು ಕೆಡಿಸಿದರೆ ಕೆಂಪು ಕಣಗಳಲ್ಲಷ್ಟೇ ಸ್ವಿಚ್ ನಿಷ್ಕ್ರಿಯವಾಗುತ್ತದೆ, ಬೇರೆಡೆ ಎಂದಿನಂತೆ ಕೆಲಸ ನಡೆಯುತ್ತದೆ. ಗುರಿ ಸಿಕ್ಕಿತ್ತು. ಬಾಣವೂ ಆ ಹೊತ್ತಿಗೆ ಸಿದ್ಧವಾಗಿತ್ತು.

ಕತ್ತರಿ ಹಾಕುವ ಬಗೆ

ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡುವ ವೈರಸ್ಸುಗಳ ಗುರುತನ್ನು ನೆನಪಿಟ್ಟುಕೊಂಡು, ಅವು ಮತ್ತೆ ಬಂದಾಗ ಅವುಗಳ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತವೆ. ಕ್ರಿಸ್ಪರ್ ಎಂಬುದು ಈ ರಕ್ಷಣಾ ವ್ಯವಸ್ಥೆಯ ಹೆಸರು. ಇದರಲ್ಲಿ ಎರಡು ಭಾಗಗಳಿವೆ. ಒಂದು, ದಾರಿ ತೋರುವ ಆರ್‌ಎನ್‌ಎ. ಇನ್ನೊಂದು, ಕತ್ತರಿಸುವ ಕ್ಯಾಸ್9 ಎಂಬ ಕಿಣ್ವ. ಆರ್‌ಎನ್‌ಎಯಲ್ಲಿ ನಮಗೆ ಬೇಕಾದ ವಿಳಾಸ ಬರೆದುಕೊಟ್ಟರೆ ಕಿಣ್ವವು ಡಿಎನ್‌ಎಯಲ್ಲಿ ಅದೇ ವಿಳಾಸವನ್ನು ಹುಡುಕಿ ಕತ್ತರಿಸುತ್ತದೆ ಎಂದು ಜೆನಿಫರ್ ಡೌಡ್ನಾ ಹಾಗೂ ಇಮ್ಯಾನುಯೆಲ್ ಷಾರ್ಪೆಂಟಿಯೆ 2012ರಲ್ಲಿ ತೋರಿಸಿದರು. 2020ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು.

ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ಮೊದಲು ರೋಗಿಯ ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸುತ್ತಾರೆ. ಎಲ್ಲ ರಕ್ತಕಣಗಳಿಗೂ ಮೂಲ ಈ ಕೋಶಗಳೇ. ಅವುಗಳನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಿ, ವಿದ್ಯುತ್ ಮಿಡಿತದಿಂದ ಕೋಶದ ಪೊರೆಯಲ್ಲಿ ಕ್ಷಣಕಾಲ ರಂಧ್ರ ಮಾಡಿ, ಕ್ರಿಸ್ಪರ್ ಕತ್ತರಿಯನ್ನು ಒಳಸೇರಿಸಿ ಬಿಸಿಎಲ್11ಎ ಸ್ವಿಚ್ಚಿನ ತುಣುಕನ್ನು ಕತ್ತರಿಸಲಾಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಆ ಬಳಿಕ ರೋಗಿಯ ಮಜ್ಜೆಯಲ್ಲಿ ಉಳಿದಿರುವ ಹಳೆಯ ಕೋಶಗಳನ್ನು ಬಸಲ್ಫಾನ್ ಎಂಬ ಪ್ರಬಲ ಕೀಮೋಥೆರಪಿಯಿಂದ ನಾಶಪಡಿಸಿ, ತಿದ್ದಿದ ಕೋಶಗಳನ್ನು ರಕ್ತನಾಳದ ಮೂಲಕ ಮರಳಿ ಸೇರಿಸುತ್ತಾರೆ. ಅವು ಮಜ್ಜೆಯಲ್ಲಿ ನೆಲೆಯೂರಿ ಭ್ರೂಣ ಹಿಮೋಗ್ಲೋಬಿನ್ ತುಂಬಿದ ಕೆಂಪು ಕಣಗಳನ್ನು ತಯಾರಿಸಲಾರಂಭಿಸುತ್ತವೆ.

ಅಮೆರಿಕದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಕುಡುಗೋಲು ಕಣ ರೋಗಿ ಮಿಸಿಸಿಪಿ ರಾಜ್ಯದ ವಿಕ್ಟೋರಿಯ ಗ್ರೇ. ಅದು 2019ರ ಜುಲೈ. ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಸಾಕಷ್ಟು ಕಾಲ ನಿಗಾದಲ್ಲಿದ್ದ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಸತತ 12 ತಿಂಗಳ ಕಾಲ ತೀವ್ರ ನೋವಿನ ಆಘಾತ ಒಮ್ಮೆಯೂ ಬರಲಿಲ್ಲ. ವರ್ಷಕ್ಕೆ ಹಲವು ಬಾರಿ ಆಸ್ಪತ್ರೆ ಸೇರುತ್ತಿದ್ದವರ ಮಟ್ಟಿಗೆ ಇದು ಪುನರ್ಜನ್ಮವೇ ಸರಿ.

ಬೆಲೆ ಮತ್ತು ಬವಣೆ

ಇಷ್ಟಾದರೂ ಈ ಚಿಕಿತ್ಸೆ ಸರಳವಲ್ಲ. ಬಸಲ್ಫಾನ್ ನೀಡಿದ ಬಳಿಕ ಹೊಸ ಕೋಶಗಳು ಬೇರೂರುವವರೆಗೆ ರೋಗಿಗೆ ಸೋಂಕು ತಡೆಯುವ ಶಕ್ತಿಯೇ ಇರುವುದಿಲ್ಲ. ನಾಲ್ಕರಿಂದ ಆರು ವಾರ ಆಸ್ಪತ್ರೆಯಲ್ಲೇ ಇರಬೇಕು. ಸಂತಾನಶಕ್ತಿ ನಷ್ಟವಾಗುವ ಅಪಾಯವಿದೆ. ಕತ್ತರಿ ಗುರಿ ತಪ್ಪಿ ಬೇರೆಡೆ ಬಿದ್ದಿದೆಯೇ ಎಂಬುದನ್ನು ತಿಳಿಯಲು ರೋಗಿಗಳನ್ನು 15 ವರ್ಷ ಗಮನಿಸಬೇಕೆಂಬುದು ಅಮೆರಿಕದ ನಿಯಂತ್ರಕರ ನಿಲುವು. ಕ್ಯಾಸ್ಜೆವಿ ಜೊತೆಯಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದ ಲಿಫ್ಜೀನಿಯ ಎಂಬ ಮತ್ತೊಂದು ವಂಶವಾಹಿ ಚಿಕಿತ್ಸೆಯ ಮೇಲೆ ರಕ್ತದ ಕ್ಯಾನ್ಸರ್ ಬಗ್ಗೆ ಎಚ್ಚರಿಕೆಯನ್ನೂ ಮುದ್ರಿಸಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೆಲೆ. ಅಮೆರಿಕದಲ್ಲಿ ಕ್ಯಾಸ್ಜೆವಿಗೆ ನಿಗದಿಪಡಿಸಿದ ದರ 22 ಲಕ್ಷ ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 18 ಕೋಟಿ ರೂಪಾಯಿ. ಲಿಫ್ಜೀನಿಯದ ದರ 31 ಲಕ್ಷ ಡಾಲರ್. ಬ್ರಿಟನ್ನಿನಲ್ಲಿ ಅನುಮತಿ ದೊರೆತರೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯು ಕುಡುಗೋಲು ಕಣ ರೋಗಿಗಳಿಗೆ ಇದನ್ನು ಒದಗಿಸಲು ಒಪ್ಪಿದ್ದು 2025ರ ಜನವರಿಯಲ್ಲಿ, ಅದೂ ದರದಲ್ಲಿ ರಿಯಾಯಿತಿ ಪಡೆದ ನಂತರ. ಶ್ರೀಮಂತ ರಾಷ್ಟ್ರಗಳೇ ಲೆಕ್ಕ ಹಾಕಿ ಹೆಜ್ಜೆ ಇಡುವ ಚಿಕಿತ್ಸೆ ಇದು. ವಿಪರ್ಯಾಸವೆಂದರೆ ರೋಗಿಗಳಲ್ಲಿ ಬಹುಪಾಲು ಜನ ಇರುವುದು ಆಫ್ರಿಕ ಮತ್ತು ಭಾರತದಲ್ಲಿ.

ಭಾರತದ ಯತ್ನ

ಈ ಹಿನ್ನೆಲೆಯಲ್ಲಿ 2025ರ ನವೆಂಬರ್ 19ರಂದು ದೆಹಲಿಯಲ್ಲಿ ಹೊರಬಿದ್ದ ಘೋಷಣೆ ಮಹತ್ವದ್ದು. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ ಐಜಿಐಬಿ ಸಂಸ್ಥೆ ಕುಡುಗೋಲು ಕಣ ರೋಗಕ್ಕೆ ದೇಶದ ಮೊದಲ ಕ್ರಿಸ್ಪರ್ ಚಿಕಿತ್ಸೆಯನ್ನು ರೂಪಿಸಿರುವುದಾಗಿ ಪ್ರಕಟಿಸಿತು. ಆದಿವಾಸಿ ನಾಯಕ ಬಿರ್ಸಾ ಮುಂಡಾ ಅವರ ನೆನಪಿಗೆ ಇದಕ್ಕೆ ‘ಬಿರ್ಸಾ 101’ ಎಂಬ ಹೆಸರು. ತಂತ್ರಜ್ಞಾನವನ್ನು ಪುಣೆಯ ಸೀರಂ ಇನ್ಸ್‌ಟಿಟ್ಯೂಟ್ ಆಫ್ ಇಂಡಿಯಾಕ್ಕೆ ಹಸ್ತಾಂತರಿಸಲಾಯಿತು.

ಐಜಿಐಬಿಯ ದೇಬೋಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಓದುಗರಿಗೆ ಅಪರಿಚಿತವೇನಲ್ಲ. 2020ರಲ್ಲಿ ಕೋವಿಡ್ ಪತ್ತೆಗೆ ‘ಫೆಲೂದಾ’ ಎಂಬ ಕಾಗದದ ಪಟ್ಟಿಯ ಪರೀಕ್ಷೆಯನ್ನು ರೂಪಿಸಿದವರು ಇವರೇ. ಸತ್ಯಜಿತ್ ರಾಯ್ ಸೃಷ್ಟಿಸಿದ ಪತ್ತೇದಾರನ ಹೆಸರದು. ಫ್ರಾನ್ಸಿಸೆಲ್ಲ ನೋವಿಸಿಡಾ ಎಂಬ ಬ್ಯಾಕ್ಟೀರಿಯಾದಿಂದ ಪಡೆದ ಕ್ಯಾಸ್9 ಕಿಣ್ವ ಇವರ ಸಾಧನ. ಒಂದೇ ಅಕ್ಷರದ ವ್ಯತ್ಯಾಸವನ್ನೂ ಗುರುತಿಸಬಲ್ಲ ನಿಖರತೆ ಇದರ ಹೆಚ್ಚುಗಾರಿಕೆ. ಗುರಿ ತಪ್ಪಿ ಕತ್ತರಿಸುವ ಸಂಭವ ಕಡಿಮೆಯಾದಷ್ಟೂ ಚಿಕಿತ್ಸೆ ಸುರಕ್ಷಿತವಾಗುತ್ತದೆ. ಸ್ವದೇಶಿ ಸಾಧನವಾದ ಕಾರಣ ವಿದೇಶಿ ಪೇಟೆಂಟುಗಳ ಹೊರೆಯೂ ತಗ್ಗೀತೆಂಬ ನಿರೀಕ್ಷೆ ಇದೆ.

ಈ ನಿರೀಕ್ಷೆ ಕೇವಲ ಹಾರೈಕೆಯಲ್ಲ. ಅದಕ್ಕೆ ಎರಡು ನಿದರ್ಶನಗಳುಂಟು. ರಕ್ತದ ಕ್ಯಾನ್ಸರಿಗೆ ಐಐಟಿ ಮುಂಬೈ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆ 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆಯಿತು. ಅಮೆರಿಕದಲ್ಲಿ ಇಂಥ ಚಿಕಿತ್ಸೆಗೆ ತಗಲುವ ವೆಚ್ಚದ ಸುಮಾರು ಹತ್ತನೇ ಒಂದು ಭಾಗದಲ್ಲಿ ಅದು ಇಲ್ಲಿ ಲಭ್ಯವಾಯಿತು. ಎರಡನೆಯದು ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಹಾಗೂ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾಗಿರುವ ಆಕರಕೋಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ತೀವ್ರ ಹಿಮೋಫೀಲಿಯಾ ಇದ್ದ ಐವರಿಗೆ ಅವರದೇ ಆಕರಕೋಶಗಳಲ್ಲಿ ಸರಿಯಾದ ವಂಶವಾಹಿ ಸೇರಿಸಿ ಚಿಕಿತ್ಸೆ ನೀಡಿದರು. ಇದರ ಫಲಿತಾಂಶ 2024ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಕರಕೋಶ ತೆಗೆದು, ತಿದ್ದಿ, ಮರಳಿ ಸೇರಿಸುವ ಇಡೀ ಪ್ರಕ್ರಿಯೆಯನ್ನು ಭಾರತದ ಆಸ್ಪತ್ರೆಯಲ್ಲಿ ನಡೆಸಬಹುದೆಂಬುದು ಇದರಿಂದ ರುಜುವಾತಾಗಿದೆ.

ಹೀಗಿದ್ದರೂ ಘೋಷಣೆಯೇ ಚಿಕಿತ್ಸೆಯಲ್ಲ. ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಸುರಕ್ಷತೆ ಮತ್ತು ಪರಿಣಾಮ ಎರಡೂ ಸಾಬೀತಾಗಬೇಕು. ಈ ರೋಗದ ಇತಿಹಾಸದಲ್ಲೇ ಎಚ್ಚರಿಕೆಯ ಪಾಠವೊಂದಿದೆ. ವೋಕ್ಸೆಲೊಟಾರ್ ಎಂಬ ಮಾತ್ರೆಗೆ 2019ರಲ್ಲಿ ಅಮೆರಿಕ ಅನುಮತಿ ನೀಡಿತ್ತು. ಮಾತ್ರೆ ಸೇವಿಸಿದವರಲ್ಲಿ ನೋವಿನ ಆಘಾತಗಳೂ ಸಾವುಗಳೂ ಹೆಚ್ಚಿರುವ ಶಂಕೆ ಮೂಡಿದ್ದರಿಂದ 2024ರ ಸೆಪ್ಟೆಂಬರಿನಲ್ಲಿ ತಯಾರಕ ಕಂಪನಿಯೇ ಅದನ್ನು ಜಗತ್ತಿನೆಲ್ಲೆಡೆಯಿಂದ ಹಿಂಪಡೆಯಿತು.

ಅಗ್ಗದ ಮದ್ದುಗಳ ಬಲ

ಹೊಸ ಚಿಕಿತ್ಸೆಯ ಬೆರಗಿನಲ್ಲಿ ಮರೆಯಬಾರದ ಸಂಗತಿಯೊಂದಿದೆ. ಕುಡುಗೋಲು ಕಣ ರೋಗದಿಂದ ಸಾಯುವ ಎಳೆಯ ಮಕ್ಕಳಲ್ಲಿ ಬಹಳಷ್ಟು ಮಂದಿಯನ್ನು ಉಳಿಸಬಲ್ಲ ಮದ್ದು ನಮ್ಮ ಬಳಿ ದಶಕಗಳಿಂದಲೂ ಇದೆ. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ರೋಗವಿರುವ ಎಳೆಯ ಮಕ್ಕಳಿಗೆ ನಿತ್ಯ ಪೆನಿಸಿಲಿನ್ ಕೊಟ್ಟರೆ ನ್ಯೂಮೋಕಾಕಸ್ ಸೋಂಕು ಶೇಕಡ 84ರಷ್ಟು ತಗ್ಗುತ್ತದೆಂದು ತೋರಿಸಿತು. ಇದರ ಬೆನ್ನಿಗೇ ಅಲ್ಲಿ ನವಜಾತ ಶಿಶುಗಳೆಲ್ಲರ ತಪಾಸಣೆಗೆ ಒತ್ತಾಯ ಬಲವಾಯಿತು. 2006ರ ವೇಳೆಗೆ ಎಲ್ಲ ರಾಜ್ಯಗಳಲ್ಲೂ ಅದು ಜಾರಿಗೆ ಬಂತು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ, ಆ ಬಳಿಕ ಪೆನಿಸಿಲಿನ್ ಮತ್ತು ಲಸಿಕೆ. ಇಷ್ಟರಿಂದಲೇ ಅಲ್ಲಿ ಬಾಲ್ಯದ ಸಾವುಗಳು ಗಣನೀಯವಾಗಿ ಇಳಿದವು.

ಎರಡನೆಯದು ಹೈಡ್ರಾಕ್ಸಿಯೂರಿಯಾ. ಈ ಹಳೆಯ ಕ್ಯಾನ್ಸರ್ ಔಷಧವು ವಯಸ್ಕ ರೋಗಿಗಳಲ್ಲಿ ನೋವಿನ ಆಘಾತಗಳನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ ಎಂದು 1995ರಲ್ಲಿ ಸಿದ್ಧವಾಯಿತು. ಕೋಟಿ ಬೆಲೆಯ ಕ್ರಿಸ್ಪರ್ ಮಾಡುವುದನ್ನೇ ಈ ಗುಳಿಗೆ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಅಂದರೆ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ. ದಿನವೊಂದಕ್ಕೆ ತಗಲುವ ಖರ್ಚು ಕೆಲವು ರೂಪಾಯಿಗಳು. ಆದರೆ ಪ್ರತಿದಿನ ತಪ್ಪದೆ ಸೇವಿಸಬೇಕು. ಆಗಾಗ ರಕ್ತಪರೀಕ್ಷೆಯೂ ಆಗಬೇಕು. ಆನೆ ಓಡಾಡುವ ಕಾಡುದಾರಿಯಲ್ಲಿ ಹತ್ತಾರು ಕಿಲೋಮೀಟರ್ ದಾಟಿ ತಾಲ್ಲೂಕು ಆಸ್ಪತ್ರೆಗೆ ಬರಬೇಕಾದ ಕುಟುಂಬಕ್ಕೆ ಇದು ಹೇಳಿದಷ್ಟು ಸುಲಭವಲ್ಲ. ಔಷಧ ಅಗ್ಗವಾದರೂ ಅದನ್ನು ತಲುಪಿಸುವ ವ್ಯವಸ್ಥೆ ಅಗ್ಗವಲ್ಲ ಎಂಬುದನ್ನು ಆಡಳಿತ ಮನಗಾಣಬೇಕು.

ಈ ದಿಕ್ಕಿನಲ್ಲಿ ಕೆಲಸ ಆರಂಭವಾಗಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನ ಅಭಿಯಾನಕ್ಕೆ ಚಾಲನೆ ದೊರೆಯಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು, 2047ರೊಳಗೆ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಇದರ ಗುರಿ. 2025ರ ಜುಲೈ ಹೊತ್ತಿಗೆ 6 ಕೋಟಿಗೂ ಹೆಚ್ಚು ಜನರ ಪರೀಕ್ಷೆ ಮುಗಿದು, 2 ಲಕ್ಷಕ್ಕೂ ಹೆಚ್ಚು ರೋಗಿಗಳು ಮತ್ತು 16 ಲಕ್ಷಕ್ಕೂ ಹೆಚ್ಚು ವಾಹಕರು ಪತ್ತೆಯಾಗಿದ್ದರು.

ಪರೀಕ್ಷೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಶಿಬಿರಗಳಲ್ಲಿ ಬಳಸುವ ಸರಳ ಕರಗುವಿಕೆ ಪರೀಕ್ಷೆಯು ದೋಷಯುಕ್ತ ಹಿಮೋಗ್ಲೋಬಿನ್ ಇದೆ ಎಂದಷ್ಟೇ ಹೇಳುತ್ತದೆ. ವ್ಯಕ್ತಿ ರೋಗಿಯೋ ವಾಹಕನೋ ಎಂದು ಹೇಳುವುದಿಲ್ಲ. ಭ್ರೂಣ ಹಿಮೋಗ್ಲೋಬಿನ್ ತುಂಬಿರುವ ನವಜಾತ ಶಿಶುಗಳಲ್ಲಿ ಅದು ಉಪಯೋಗಕ್ಕೆ ಬರುವುದೇ ಇಲ್ಲ. ಅದಕ್ಕೆ ಎಚ್‌ಪಿಎಲ್‌ಸಿಯಂತಹ ದೃಢೀಕರಣ ಪರೀಕ್ಷೆ ಬೇಕು. ವಾಹಕರಿಗೆ ಕೊಡುವ ಕಾರ್ಡು ಮದುವೆಯ ಮಾತುಕತೆಯಲ್ಲಿ ಹೆಣ್ಣುಮಕ್ಕಳಿಗೆ ಕಳಂಕದ ಚೀಟಿಯಾಗದಂತೆ ನೋಡಿಕೊಳ್ಳುವ ಹೊಣೆಯೂ ಇದೆ. ವಾಹಕರಾಗಿರುವುದು ಕಾಯಿಲೆಯಲ್ಲ, ಇಬ್ಬರೂ ವಾಹಕರಾಗಿದ್ದರೆ ಮಾತ್ರ ಮಗುವಿನ ಬಗ್ಗೆ ಸಲಹೆ ಅಗತ್ಯ ಎಂಬುದನ್ನು ಅವರವರ ನುಡಿಯಲ್ಲಿ ತಿಳಿಹೇಳಬೇಕು.

ಮುಂದಿನ ದಾರಿ

ಸಂಶೋಧನೆ ಇಲ್ಲಿಗೆ ನಿಂತಿಲ್ಲ. ಡಿಎನ್‌ಎಯನ್ನು ಕತ್ತರಿಸದೆಯೇ ಒಂದು ಅಕ್ಷರವನ್ನು ಇನ್ನೊಂದಾಗಿ ಬದಲಿಸುವ ತಂತ್ರವನ್ನು ಡೇವಿಡ್ ಲಿಯು ಅವರ ಪ್ರಯೋಗಾಲಯ 2016ರಲ್ಲಿ ಪ್ರಕಟಿಸಿತು. ಅದರಿಂದ ಕುಡುಗೋಲು ಕಣದ ಅಕ್ಷರವನ್ನು ಮೂಲಸ್ಥಿತಿಗೆ ತರಲಾಗದಿದ್ದರೂ, ಇಂಡೊನೇಷ್ಯದ ಮಕಸ್ಸರ್‌ನಲ್ಲಿ ಸಹಜವಾಗಿಯೇ ಕಂಡುಬಂದ ನಿರಪಾಯಕಾರಿ ಹಿಮೋಗ್ಲೋಬಿನ್ ಬಗೆಯೊಂದಾಗಿ ಅದನ್ನು ಮಾರ್ಪಡಿಸಬಹುದೆಂದು 2021ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿದೆ. 2025ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಯಕೃತ್ತಿನ ಅಪರೂಪದ ರೋಗವಿದ್ದ ಕೆಜೆ ಎಂಬ ಶಿಶುವಿಗೆ, ಅವನೊಬ್ಬನಿಗಾಗಿಯೇ ಆರು ತಿಂಗಳಲ್ಲಿ ರೂಪಿಸಿದ ಅಕ್ಷರ ತಿದ್ದುವ ಔಷಧವನ್ನು ರಕ್ತನಾಳದ ಮೂಲಕ ನೇರವಾಗಿ ನೀಡಿದ್ದನ್ನು ಅವರು ವರದಿ ಮಾಡಿದರು. ಕೋಶಗಳನ್ನು ಹೊರತೆಗೆಯಬೇಕಾಗಲಿಲ್ಲ, ಕೀಮೋಥೆರಪಿಯೂ ಬೇಕಾಗಲಿಲ್ಲ. ರಕ್ತನಾಳಕ್ಕೆ ಕೊಟ್ಟ ಇಂಥ ಔಷಧ ಯಕೃತ್ತನ್ನು ಸುಲಭವಾಗಿ ಸೇರುತ್ತದೆ. ಮಜ್ಜೆಯನ್ನು ತಲುಪುವುದು ಕಷ್ಟ. ಅದು ಸಾಧ್ಯವಾದ ದಿನ ಕುಡುಗೋಲು ಕಣ ರೋಗಕ್ಕೂ ಚುಚ್ಚುಮದ್ದಿನ ರೂಪದ ಪರಿಹಾರ ದೊರೆಯಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ನೀಡಬಹುದಾದ ಚಿಕಿತ್ಸೆ ಎಂದರೆ ಅಂಥದ್ದೇ.

ಅಲ್ಲಿಯವರೆಗೆ ಏನು? ಕ್ಯಾಸ್ಜೆವಿಗೆ 2023ರಲ್ಲಿ ಅನುಮತಿ ದೊರೆತದ್ದು 12 ವರ್ಷ ಮೇಲ್ಪಟ್ಟವರಿಗೆ. ಪೋಡಿನಲ್ಲೋ ಹಾಡಿಯಲ್ಲೋ ಇಂದು ಈ ರೋಗದೊಡನೆ ಹುಟ್ಟಿದ ಮಗು ಅಂಥ ಚಿಕಿತ್ಸೆಯನ್ನು ಎಂದಾದರೊಂದು ದಿನ ಪಡೆಯಬೇಕಾದರೆ ಮೊದಲು ತನ್ನ ಬಾಲ್ಯವನ್ನು ದಾಟಬೇಕು. ಅದನ್ನು ದಾಟಿಸುವುದು ಹುಟ್ಟಿದ ವಾರದೊಳಗಿನ ರಕ್ತಪರೀಕ್ಷೆ, ತಪ್ಪದ ಪೆನಿಸಿಲಿನ್, ಸಕಾಲದ ಲಸಿಕೆ, ತಿಂಗಳು ತಿಂಗಳೂ ಮನೆಬಾಗಿಲಿಗೆ ಬರುವ ಹೈಡ್ರಾಕ್ಸಿಯೂರಿಯಾ ಹಾಗೂ ಆ ಮಗುವಿನ ಹೆಸರಿರುವ ಒಂದು ದಾಖಲೆ ಪುಸ್ತಕ. ದೆಹಲಿಯ ಪ್ರಯೋಗಾಲಯದಲ್ಲಿ ಸಿದ್ಧವಾದ ಕತ್ತರಿ ಯಾರಿಗೆ ಬೇಕು, ಅವರು ಎಲ್ಲಿದ್ದಾರೆ ಎಂಬುದನ್ನು ನಾಳೆ ತಿಳಿಸಬೇಕಾದುದೂ ಆ ಪುಸ್ತಕವೇ. ಅದನ್ನು ಬರೆದಿಡುವ ಕೆಲಸಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.